ಮೇಷ್ಟ್ರ ಕಂಪ್ಯೂಟರ್‌ನಲ್ಲಿ ಸಿಕ್ಕ ಕೊಂಡಿ

ಕಂಡವರ ದನಿ ಕದ್ದು ಅಣಕಿಸುವವನು ನಾನು, ಹಾಗಾಗಿ ನಂಬುವುದು ಕಷ್ಟ. ಆದರೂ ನನ್ನ ಕಿವಿಯಾಣೆ, ಇದು ನಡೆದದ್ದು.

ನಮ್ಮ ತಂಡದ ತಂತ್ರಾಂಶದ ಕೋಡ್ ಹಳೆಯ ತಿದ್ದುಪಡಿಗಳ ಸಮೇತ ಇದ್ದ ರೆಪಾಸಿಟರಿ ಒಂದು ಬೆಳಗ್ಗೆ ಕೆಟ್ಟು ಕೂತಿತ್ತು. ತಪಾಸಣೆ ಮಾಡಿದರೆ ತಿದ್ದುಪಡಿಗಳ ಸರಪಳಿಯ ನಡುವೆ ಒಂದು ಕೊಂಡಿ, ಅಂದರೆ ಒಂದು ಫೈಲು, ನಾಪತ್ತೆ. ಎಲ್ಲರ ಪ್ರತಿಯಲ್ಲೂ ಅದೇ ಜಾಗ ಖಾಲಿ. ಅದು ಸಿಗದಿದ್ದರೆ, ನಾವು ಅಕ್ಕ ಎನ್ನುವ ತಂಡದ ಹಿರಿಯಳ ಎರಡು ವರ್ಷದ ದುಡಿಮೆ ಮಣ್ಣುಪಾಲು. ಹುಡುಕಲು ಉಳಿದದ್ದು ಹೋದ ವರ್ಷ ತೀರಿಕೊಂಡ, ನಾವು ಮೇಷ್ಟ್ರು ಎನ್ನುತ್ತಿದ್ದ ಸಹೋದ್ಯೋಗಿಯ ಕಂಪ್ಯೂಟರ್ ಮಾತ್ರ.

ಅದನ್ನಿಟ್ಟಿದ್ದ ಕೋಣೆಯಲ್ಲಿ ಮಧ್ಯಾಹ್ನವೂ ಚಳಿ. ಕುರ್ಚಿ ಮಾತ್ರ, ಯಾರೋ ಈಗಷ್ಟೇ ಎದ್ದು ಹೋದಂತೆ, ಬೆಚ್ಚಗಿತ್ತು. ಎಷ್ಟು ಜಾಲಾಡಿದರೂ ಕೊಂಡಿ ಸಿಗಲಿಲ್ಲ. ಬೇಸರಕ್ಕೊಂದು ಕೀಟಲೆ ಹೊಳೆಯಿತು. ಅಕ್ಕನಿಗೆ ಫೋನ್ ಮಾಡಿ ಮೇಷ್ಟ್ರ ಗೊಗ್ಗರು ದನಿಯಲ್ಲಿ, "ಏನಮ್ಮಾ, ಊಟ ಆಯ್ತಾ?" ಎಂದೆ. ಅವಳು ಕಿಟಾರನೆ ಕಿರುಚಿದಳು.

ನಾನು ಅವಳಿದ್ದಲ್ಲಿಗೆ ಮರಳಿ ಬಂದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏಯ್ ಕಪಿ, ಎದೆ ಒಡ್ದೇ ಹೋಗಿತ್ತು ಕಣೋ! ಅದಿರ್ಲಿ, ಒಂದೇ ಬಾಯಲ್ಲಿ ಎರಡು ದನಿ ಹೇಗೆ ತೆಗ್ದೆ?"

"ಎರಡೆಲ್ಲಿ ಅಕ್ಕಾ?"

"ನೀನು ಮೇಷ್ಟ್ರ ಥರ ಮಾತಾಡ್ತಿದ್ದಾಗ್ಲೇ ಹಿಂದಿನಿಂದ ನಿನ್ನ ದನೀಲಿ ಕೇಳ್ತಲ್ಲ, 'ಅದು ಫೋಟೋಗಳ ಜೊತೆ ಇದೆ, ಇವನಿಗೆ ಕಾಣಿಸ್ತಿಲ್ಲ' ಅಂತ!"

ಇಬ್ಬರೂ ಆ ಕೋಣೆಗೆ ಹೋಗಿ ಫೋಟೋಗಳ ಫೋಲ್ಡರ್ ತೆರೆದೆವು. ಕೊಂಡಿ ಅಲ್ಲೇ ಇತ್ತು.

"ಗೊತ್ತಿದ್ದೂ ಆಟ ಆಡಿಸ್ತೀಯಾ?" ಎಂದು ಅಕ್ಕ ಮತ್ತೆ ನಕ್ಕಳು. ಜೊತೆಗೆ ನನ್ನ ನಗುವೂ ಕೇಳಿಸಿತು, ಆದರೆ ಅಕ್ಕನದೇ ಜೋರು.

ನಾನು ಬಾಯಿ ಬಿಟ್ಟೇ ಇರಲಿಲ್ಲ.