ಗಾಜಿಗೆ ಹತ್ತಿದ ತಲೆಯೆಣ್ಣೆ

ದೆವ್ವದ ಮಾತೆತ್ತಿದರೆ ನಗುವವನು ನಾನು. ಆದರೂ ಆ ಗಾಜನ್ನು ಒರೆಸಿದ್ದು ನನ್ನ ಕೈಯೇ.

ಟೀಚರಮ್ಮ ನನ್ನ ಗ್ಯಾರೇಜಿಗೆ ತಂದ ಹಳೇ ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು. ಒಂದೊಂದರ ಮೇಲೂ, ಬೇಕೆಂದಾಗ ಕಳಚಿಡಬಹುದಾದ ಗಾಜಿನ ಛಾವಣಿ. ಎರಡೂ ಬಿರುಕು ಬಿಟ್ಟಿದ್ದವು. ಗಂಡ ತೀರಿಕೊಂಡ ಮೇಲೆ ‘ಮಾರಿಬಿಡು’ ಅಂದವರ ಬಾಯಿ ಮುಚ್ಚಿಸಿ, ಕಾರು ಓಡಿಸಲು ಕಲಿತಿದ್ದ ಗಟ್ಟಿಗಿತ್ತಿ ಆಕೆ.

“ನಮ್ಮೆಜಮಾನ್ರು ಆರಡಿ ಆಳು. ಕೂತ್ರೆ ತಲೆ ಗಾಜಿಗೆ ತಾಗೋದು. ಆ ಎಣ್ಣೆ ಕಲೆ ಒರ್ಸಿ ಒರ್ಸಿ ನಂಗೆ ಸಾಕಾಗ್ಹೋಗಿತ್ತು,” ಎಂದು ನಕ್ಕಿದ್ದರು.

ಹೊಸ ಗಾಜು ತರಿಸಿ, ಅಂಚಿಗೆ ರಬ್ಬರು ಕೂರಿಸಿ, ಕೊಂಡಿ ಬಿಗಿದೆ. ಒಳಗೆ ಕೂತು ಕತ್ತೆತ್ತಿ ನೋಡಿದರೆ, ಸ್ಟೇರಿಂಗ್ ಕಡೆಯ ಗಾಜಿನಲ್ಲಿ ಅಂಗೈಯಗಲ ಎಣ್ಣೆ ಕಲೆ. ಒರೆಸಿದೆ. ಬಟ್ಟೆ ಹಿಂಡಿಕೊಂಡು ಬರುವಷ್ಟರಲ್ಲಿ ಮತ್ತೆ ಅಲ್ಲೇ. ಸುತ್ತಲ ಗಾಜು ತಣ್ಣಗಿತ್ತು, ಅಷ್ಟು ಜಾಗ ಮಾತ್ರ ಬೆಚ್ಚಗೆ. ನನ್ನದೋ ಬೋಳು ತಲೆ, ಎಣ್ಣೆ ಕಂಡು ಯಾವ ಕಾಲವಾಯಿತೋ.

ಸಂಜೆ ಟೀಚರಮ್ಮ ಬಂದರು. ಕಲೆಯನ್ನು ನೋಡಿದರು.

“ಇನ್ನೊಂದ್ಸಲ ಒರೆಸ್ಲಾ ಅಮ್ಮ?”

“ಬೇಡ, ಇರ್ಲಿ ಬಿಡಿ.”

ಆಮೇಲೆ ಸ್ಟೇರಿಂಗ್ ಮುಂದಿನ ಖಾಲಿ ಸೀಟಿನ ಕಡೆಗೆ ಬಗ್ಗಿ, ನಿದ್ದೆಯಲ್ಲಿರುವವರನ್ನು ಎಬ್ಬಿಸುವಂತೆ ಮೆಲ್ಲಗೆ ಹೇಳಿದರು: “ರೀ, ಸ್ವಲ್ಪ ಆ ಕಡೆ ಸರ್ಕೊಳ್ಳಿ. ಇನ್ಮೇಲೆ ನಾನೇ ಓಡ್ಸೋದು.”

ಅವರು ಹತ್ತಿ ಕೂತರು. ಬಾಗಿಲು ಹಾಕಲು ನಾನು ಬಗ್ಗಿದೆ. ಅವರ ತಲೆಯ ಮೇಲಿನ ಗಾಜು ತಿಳಿನೀರಿನಂತಿತ್ತು. ಎಣ್ಣೆ ಕಲೆ ಪಕ್ಕದ ಸೀಟಿನ ಮೇಲಿನ ಗಾಜಿನಲ್ಲಿತ್ತು, ಇನ್ನೂ ಹಸಿಹಸಿಯಾಗಿ.