ಹಲ್ಲಿನ ಡಾಕ್ಟರು ಬದುಕಿಸಿದ ತೆಂಗು

“ಆ ಮರಕ್ಕೆ ಮಾತ್ರ ಕೈ ಹಚ್ಚಬೇಡಿ ಡಾಕ್ಟ್ರೇ,” ಎಂದ ಗಡಿಯಾರ ರಿಪೇರಿಯವನು, ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆ. “ಹಿಂದೆ ಒಬ್ಬ ಅದರ ಹಸಿರು ಗರಿ ಕಡಿಸಿದ್ದ. ಆಮೇಲೆ ಅವನ ಕೈ ಎತ್ತೋಕಾಗ್ಲಿಲ್ಲ. ಪಕ್ಕದ ಮನೆ ದಿಂಬಿನಕ್ಕ ಒಳ್ಳೇವ್ಳೇ. ಆದ್ರೆ ಅವಳ ತಾಯಿ ಕಾಲದಿಂದ ಆ ಮನೇಲಿ ಏನೋ ವಿದ್ಯೆ ಇದೆ.”

ಹಲ್ಲಿನ ಡಾಕ್ಟರು ನಕ್ಕರು. “ಮರ ಬಂದು ಕಚ್ಚುತ್ತಾ? ಕಚ್ಚೋಕೆ ಅದಕ್ಕೆ ಹಲ್ಲಾದ್ರೂ ಇರ್ಬೇಕಲ್ಲಪ್ಪಾ!”

ಗಡಿಯಾರದವನು ನಗಲಿಲ್ಲ. ತಲೆ ತಗ್ಗಿಸಿ ಮತ್ತೆ ಮುಳ್ಳು ಜೋಡಿಸತೊಡಗಿದ. ಓದಿದವರಿಗೆ ಬುದ್ಧಿ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು.

ಡಾಕ್ಟರು ಆ ಬೀದಿಗೆ ಹೊಸಬರು. ಗಡಿಯಾರದ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕು ತೆರೆದು, ಒಳಗೆ ದೀಪ ಉರಿಯುವ ದೊಡ್ಡ ಬೋರ್ಡು ಹಾಕಿಸಿದ್ದರು. ಬೋರ್ಡಿನ ತುಂಬ ನಗುವ ಬಾಯಿ, ಬಾಯಿಯ ತುಂಬ ಹಲ್ಲು. ಆದರೆ ಪಕ್ಕದ ಮನೆಯ ಅಂಗಳದ ತೆಂಗು ಬೀದಿಯ ಕಡೆಗೆ ವಾಲಿಕೊಂಡು, ದೊಡ್ಡ ರಸ್ತೆಯಿಂದ ಬರುವವರಿಗೆ ಆ ನಗುವನ್ನು ಅಡ್ಡಗಟ್ಟಿತ್ತು. ಗಾಳಿ ಬಂದಾಗ ಒಂದೆರಡು ಹಲ್ಲು ಕಂಡರೆ ಪುಣ್ಯ.

ಅದು ದಿಂಬು ಹೊಲಿದು ಮಾರುವ ಅಕ್ಕತಂಗಿಯರ ಮನೆ. ಅಕ್ಕ ಮಾತು ಕಡಿಮೆ, ಕಣ್ಣೂ ಮಂಜು. ತಂಗಿ ದಪ್ಪಗೆ, ನಗುನಗುತ್ತ, ದಿನವಿಡೀ ಅಕ್ಕನ ಸೂಜಿಗೆ ದಾರ ಪೋಣಿಸಿಕೊಡುತ್ತ ಬೀದಿಗೆಲ್ಲ ಕೇಳುವಂತೆ ಮಾತಾಡುವವಳು. ಕ್ಲಿನಿಕ್ಕು ಶುರುವಾದ ದಿನ ಅವಳೇ ಮೆಟ್ಟಿಲು ಹತ್ತಿ ಬಂದು, ಎಳನೀರು ಕೆತ್ತಿ ಕೊಟ್ಟು, “ಕುಡೀರಿ ಡಾಕ್ಟ್ರೇ, ನಮ್ಮ ಮರದ್ದು. ಇದು ಕುಡಿದ್ರೆ ಹಲ್ಲೇ ಹಾಳಾಗಲ್ಲ, ನಿಮ್ಮ ವ್ಯಾಪಾರ ಕೆಡ್ತು ನೋಡಿ!” ಎಂದು ಅವಳೇ ನಕ್ಕಿದ್ದಳು. ಡಾಕ್ಟರು ಕುಡಿದಿದ್ದರು. ಉಂಡ ಮನೆಗೆ ಎರಡು ಬಗೆಯುವುದಕ್ಕೆ ಅವರಿಗೆ ಹೆಚ್ಚು ಕಾಲ ಹಿಡಿಯಲಿಲ್ಲ.

ಒಂದು ಸಂಜೆ ಕರೆಂಟು ಹೋಯಿತು. ಅಂಗಡಿಗಳ ಜನರೇಟರುಗಳು ಒಟ್ಟಿಗೇ ಬೊಬ್ಬಿರಿದವು. ಬೀದಿಯೆಲ್ಲ ಡೀಸೆಲ್ಲಿನ ಹೊಗೆ, ಕತ್ತಲೆ. ಡಾಕ್ಟರು ಬ್ಯಾಟರಿ ಡ್ರಿಲ್ಲು ಹಿಡಿದು ಹಿಂದಿನ ಮುರುಕು ಗೋಡೆ ದಾಟಿದರು. ಬೊಡ್ಡೆಯಲ್ಲಿ, ಬೀದಿಗೆ ಕಾಣದ ಮಗ್ಗುಲಲ್ಲಿ, ಕೊರೆದರು. ಒದ್ದೆ ಹುಡಿ ಉದುರಿತು, ಹಸಿ ತೆಂಗಿನ ವಾಸನೆ ಮೂಗಿಗೆ ಬಡಿಯಿತು. ಕೊನೆಯಲ್ಲಿ ಡ್ರಿಲ್ಲು ಜಾರಿ ಎಡಗೈ ತೋರುಬೆರಳು ಸೀಳಿತು, ರಕ್ತ ತೂತಿನೊಳಕ್ಕೇ ಇಳಿಯಿತು. ಅವರು ಅದನ್ನು ಲೆಕ್ಕಿಸದೆ, ಕಳೆ ಸಾಯಿಸುವ ವಿಷವನ್ನು ಸಿರಿಂಜಿನಿಂದ ಒಳಗೆ ಹೊಯ್ದರು.

ಅಷ್ಟಕ್ಕೇ ಓಡಿಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತೂತು ಕಂಡರೆ ಮುಚ್ಚದೆ ಬಿಡಲಾರದ ಕೈ ಅದು. ಜೇಬಿನಿಂದ ಹಲ್ಲಿಗೆ ತುಂಬುವ ಸಿಮೆಂಟು ತೆಗೆದು, ಕಲಸಿ, ತುಂಬಿ, ಅಂಚು ತೀಡಿ, ನುಣ್ಣಗೆ ಮಾಡಿ ಬಂದರು. ಕದ್ದ ಮನೆಯಲ್ಲಿ ಸಹಿ ಹಾಕಿ ಬರುವ ಕಳ್ಳ ಇನ್ನೊಬ್ಬನಿರಲಾರ.

ಕೆಲವು ದಿನಗಳಲ್ಲಿ ಕೆಳಗಿನ ಗರಿಗಳು ಹಳದಿಯಾಗಿ ಜೋತುಬಿದ್ದವು. ಬೋರ್ಡಿನ ಅರ್ಧ ನಗು ರಸ್ತೆಗೆ ಕಂಡಿತು. ಡಾಕ್ಟರು ಒಳಗೊಳಗೇ ಹಿಗ್ಗಿದರು. ಅದೇ ವಾರ ಮರ ಹತ್ತುವವನು ಬಂದು ಒಂದು ಗೊನೆ ಎಳನೀರು ಇಳಿಸಿದ.

ಡಾಕ್ಟರು ಕಿಟಕಿಯಲ್ಲಿ ನಿಂತಿದ್ದರು. ಕೆಳಗೆ ತಂಗಿ ಮೆಟ್ಟಿಲ ಮೇಲೆ ಕೂತು ಕಾಯಿ ಕೆತ್ತುತ್ತಿದ್ದಳು. ಅವರ ಗಂಟಲಿಗೆ ಕೂಗು ಬಂತು. ಕೂಗಿದರೆ, ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಕ್ಲಿನಿಕ್ಕಿಗೆ ಬೀಗ. ತಂಗಿ ತಲೆಯೆತ್ತಿ ಅವರನ್ನು ಕಂಡು ಕೈ ಬೀಸಿದಳು, ಕಾಯಿ ಬಾಯಿಗೆತ್ತಿದಳು. ಜನರ ಬಾಯಿ ತೆರೆಸುವುದೇ ಕಸುಬಾಗಿದ್ದವರು ಅವತ್ತು ತಮ್ಮ ಬಾಯಿ ತೆರೆಯಲಿಲ್ಲ.

ಸಂಜೆಯ ಹೊತ್ತಿಗೆ ಅವಳ ಬಾಯಲ್ಲಿ ನೊರೆ ಬಂತು. ಆಸ್ಪತ್ರೆಯಿಂದ ಅವಳು ಮಲಗಿಕೊಂಡೇ ವಾಪಸಾದಳು. ಹೃದಯ ನಿಂತಿತು ಎಂದರು ಜನ. ಇರಬಹುದು, ಮೈಭಾರದವಳು, ಎಂದು ಡಾಕ್ಟರೂ ಹೆಂಡತಿಯ ಹತ್ತಿರ ಹೇಳಿದರು. ಹೇಳುವಾಗ ನಾಲಿಗೆ ತಡವರಿಸಲಿಲ್ಲ ಎಂಬುದೇ ಅವರ ಪಾಪದಲ್ಲಿ ದೊಡ್ಡದು.

ಸೂತಕ ಕಳೆದ ಮೇಲೆ ಒಂದು ಮಧ್ಯಾಹ್ನ ದಿಂಬಿನಕ್ಕ ಕ್ಲಿನಿಕ್ಕಿಗೆ ಬಂದಳು. ತಾನೇ ಕುರ್ಚಿಯ ಮೇಲೆ ಒರಗಿಕೊಂಡಳು. ಡಾಕ್ಟರು ದೀಪ ಎಳೆದರು.

“ಯಾವ ಹಲ್ಲು ನೋಯ್ತಿದೆ ಅಕ್ಕಾ?”

ಅವಳು ಬಾಯಿ ತೆರೆಯಲಿಲ್ಲ, ಮುಷ್ಟಿ ತೆರೆದಳು. ಅಂಗೈಯಲ್ಲಿ ಬಿಳಿಯ ಗುಂಡನೆಯ ಸಿಮೆಂಟಿನ ಬಿರಡೆ. “ಇದು ಯಾವ ಹಲ್ಲಿಗೆ ತುಂಬಿದ್ದು ಡಾಕ್ಟ್ರೇ?”

“ನಂ... ನಂಗೇನು ಗೊತ್ತು?”

“ಇದರ ಒಳಮೈಗೆ ರಕ್ತ ಇದೆ. ಮರಕ್ಕೆಲ್ಲಿಂದ ಬಂತು ರಕ್ತ?” ಅವಳ ಮಂಜುಗಣ್ಣು ಅವರ ತೋರುಬೆರಳಿನ ಗಾಯದ ಕಲೆಯ ಮೇಲೆ ನಿಂತಿತು. “ನಮ್ಮ ಹುಡುಗಿ ಯಾರಿಗೆ ಕೈ ಬೀಸಿದ್ಲು ಅಂತ ನಾನೂ ತಲೆ ಎತ್ತಿ ನೋಡ್ದೆ. ಬಿಳೀ ಕೋಟು ಕಂಡಿತ್ತು. ಕೂಗ್ಬಹುದಿತ್ತು ನೀವು.”

“ಸಾಕ್ಷಿ ಇದ್ರೆ ಪೊಲೀಸರ ಹತ್ರ ಹೋಗಿ,” ಎಂದರು ಡಾಕ್ಟರು.

“ಅವರಿಗ್ಯಾಕೆ ತೊಂದರೆ? ನಿಮ್ಮ ರಕ್ತ ನೀವೇ ಮರದೊಳಗೆ ಇಟ್ಟು ಮುಚ್ಚಿದೀರಿ. ನಂಗೆ ಉಳಿದಿರೋದು ಹೊಲಿಯೋ ಕೆಲಸ ಅಷ್ಟೆ. ಇವತ್ತಿನಿಂದ ಅದಕ್ಕೇನಾಗುತ್ತೋ ನಿಮಗೂ ಅದೇ. ಮರ ಸಾಯ್ತಿದೆ ಡಾಕ್ಟ್ರೇ. ಬೇಕಿದ್ರೆ ಉಳಿಸ್ಕೊಳ್ಳಿ.”

ಅವಳು ಇಳಿದುಹೋದ ಮೇಲೆ ಡಾಕ್ಟರು ಜೋರಾಗಿ ನಕ್ಕರು. ಕೋಣೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆ ನಗು ಅವರಿಗೇ ಸರಿಯೆನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದರೆ, ಅವಳು ಬೊಡ್ಡೆಗೆ ಒದ್ದೆ ಗೋಣಿ ಸುತ್ತಿ, ಹಾಸಿಗೆ ಹೊಲಿಯುವ ಉದ್ದ ಸೂಜಿಯಿಂದ ಅದನ್ನು ಹೊಲಿಯುತ್ತಿದ್ದಳು. ದಾರಿಹೋಕರಿಗೆ ಅದು ಗಾಯಕ್ಕೆ ಕಟ್ಟಿದ ಪಟ್ಟಿ. ಅವಳ ತುಟಿ ಮಾತ್ರ ಅಲುಗಾಡುತ್ತಿತ್ತು. ಸೂಜಿ ಒಳಗೆ ಹೋಯಿತು. ಡಾಕ್ಟರ ವಸಡಿನಲ್ಲಿ ಚುಚ್ಚಿತು. ದಾರ ಎಳೆದಳು. ದವಡೆಯಿಂದ ಕಿವಿಯವರೆಗೆ ಏನೋ ಸರಸರನೆ ಹರಿದುಹೋಯಿತು. ಅವರು ಉಗುಳಿದರು. ಬೇಸಿನ್ನಿನ ತುಂಬ ರಕ್ತ. ರಕ್ತಕ್ಕೆ ಹಸಿ ತೆಂಗಿನ ವಾಸನೆ.

ಅಲ್ಲಿಂದ ಬಾಯಾರಿಕೆ ಶುರುವಾಯಿತು. ಕೊಡಗಟ್ಟಲೆ ಕುಡಿದರೂ ನೀರು ಎಲ್ಲೋ ಹೋಗುತ್ತಿತ್ತು, ನಾಲಿಗೆ ಮಾತ್ರ ಒಣ ಸಿಪ್ಪೆಯಾಗಿಯೇ ಉಳಿಯಿತು. “ರೀ, ನಿಮ್ಮ ಮೈಯೆಲ್ಲಾ ಹಳದಿ ಆಗಿದೆ, ಕನ್ನಡಿ ನೋಡ್ಕೊಂಡ್ರಾ?” ಎಂದು ಹೆಂಡತಿ ಗಾಬರಿಯಾದಳು. ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲಾ ಸರಿಯಾಗಿದೆ ಎಂದು ಬಂತು. ಬಾಯಿಂದ ಹುಳಿತ ಕೊಳೆನಾತ ಬರುತ್ತಿತ್ತು. ಹಲ್ಲಿನ ಡಾಕ್ಟರ ಬಾಯೇ ನಾತ ಹೊಡೆದರೆ ರೋಗಿಗಳು ಯಾಕೆ ಬಂದಾರು? ಊರೇ ಬಿಡೋಣವೆಂದು ಬಸ್ಸು ಹತ್ತಿದರು. ಊರ ಗಡಿ ದಾಟುವಷ್ಟರಲ್ಲಿ ಅಂಗಾಲು ಬಿರಿಯಿತು, ಯಾರೋ ಬುಡಸಮೇತ ಕೀಳುತ್ತಿರುವ ಹಾಗೆ ಸೊಂಟದ ಕೆಳಗೆ ನೋವು. ಕಂಡಕ್ಟರನೇ ಅವರನ್ನು ಇಳಿಸಿ ಆಟೋ ಹತ್ತಿಸಿದ.

ಮರುದಿನ ಮಟಮಟ ಮಧ್ಯಾಹ್ನ ಡಾಕ್ಟರು ಬಕೆಟ್ಟು ಹಿಡಿದು ದಿಂಬಿನಕ್ಕನ ಅಂಗಳಕ್ಕೆ ಬಂದರು. ಅವಳು ನಲ್ಲಿಯ ಕಡೆ ಗದ್ದ ಆಡಿಸಿದಳು.

ಮೊದಲ ಬಕೆಟ್ಟು ಬುಡಕ್ಕೆ ಬಿದ್ದಾಗ ಅವರ ಗಂಟಲು ತಣ್ಣಗಾಯಿತು. ಡಾಕ್ಟರು ಅಲ್ಲೇ ಮಣ್ಣಲ್ಲಿ ಕೂತು ಅತ್ತರು. ಭಯ ಎಂಬುದು ಏನೆಂದು ಅವರಿಗೆ ಅವತ್ತು ಗೊತ್ತಾಯಿತು.

ಆಮೇಲೆ ಅವರದು ಒಂದೇ ಕೆಲಸ. ವಿಷ ತೊಳೆದುಹೋಗಲೆಂದು ಬುಡದ ಮಣ್ಣು ತೆಗೆದು ಹೊಸ ಮಣ್ಣು ತುಂಬಿದರು, ಮೇಲೆ ಸಿಪ್ಪೆ ಹಾಸಿದರು, ಬೂದಿ ಹಾಕಿದರು. ಅರ್ಧ ಹಳದಿಯಾದ ಗರಿಯನ್ನು ಕಡಿಯಬಾರದು, ಅದರಲ್ಲಿರುವ ಸತ್ವವನ್ನೇ ಮರ ಹೀರಿಕೊಂಡು ಬದುಕುತ್ತದೆ ಎಂದು ಅಕ್ಕ ಹೇಳಿಕೊಟ್ಟಳು. ಗೋಣಿಯ ಅಂಚು ಸರಿಸಿ, ತೂತಿನೊಳಗಿನ ಕೊಳೆಯನ್ನು ಡಾಕ್ಟರು ಹಲ್ಲು ಕೆರೆಯುವ ತಮ್ಮ ಸಲಕರಣೆಗಳಿಂದಲೇ ಕೆರೆದರು. ಕಪ್ಪಗೆ, ಹೆಂಡದಂತೆ ಹುಳಿತ ನಾರು ಹೊರಬರುತ್ತಿತ್ತು. ಒಂದೊಂದು ಕೆರೆತಕ್ಕೂ ಅವರ ದವಡೆಯ ಮೂಳೆ ಕೆರೆದಂತಾಗಿ, ಬಾಯಿಗೆ ಟವೆಲು ತುರುಕಿಕೊಂಡು ಕೆಲಸ ಮಾಡಿದರು. ಮರ ಹತ್ತುವವನು ಮೇಲೆ ಸುಳಿ ಮುಟ್ಟಿದರೆ ಅದು ಕೊಳೆತು ಕೈಗೇ ಕಿತ್ತು ಬಂತು. ಕೆಳಗೆ ಡಾಕ್ಟರ ಮುಂದಿನ ಹಲ್ಲು ನೋವೇ ಇಲ್ಲದೆ ಕಳಚಿ ಅಂಗೈಗೆ ಬಿತ್ತು.

“ತೆಂಗಿಗೆ ಇರೋದೊಂದೇ ಸುಳಿ,” ಎಂದಳು ಅಕ್ಕ. “ಅದರ ಬುಡದಲ್ಲಿ ಇನ್ನೂ ಜೀವ ಇದ್ರೆ ಬರುತ್ತೆ. ಇಲ್ದಿದ್ರೆ ಇಲ್ಲ.”

ಜೀವ ಇತ್ತು. ಎಷ್ಟೋ ವಾರಗಳ ಮೇಲೆ ಒಂದು ಬೆಳಿಗ್ಗೆ, ಸತ್ತ ಗರಿಗಳ ನಡುವೆ ಹಸಿರು ಈಟಿಯೊಂದು ತಲೆಯೆತ್ತಿತು. ಡಾಕ್ಟರು ಬೀದಿಯಲ್ಲೇ ಕುಣಿದರು. ಗಡಿಯಾರದವನು ಅಂಗಡಿಯೊಳಗಿಂದ ನೋಡಿ, ಬಾಗಿಲು ಅರ್ಧ ಎಳೆದುಕೊಂಡ.

ಒಂದು ಗರಿ ಬಿಚ್ಚಿತು, ಇನ್ನೊಂದು ಬಿಚ್ಚಿತು. ಡಾಕ್ಟರ ಮೈಗೆ ಬಣ್ಣ ಬಂತು, ಹಸಿವು ಮರಳಿತು. ಆ ಮರಕ್ಕೆ ಅಡ್ಡವಾಗುತ್ತದೆಂದು ಬೋರ್ಡನ್ನೇ ಕೆಳಗಿಳಿಸಿದರು. ಅವರಿಗೆ ಆ ತೆಂಗಿನ ಮೇಲೆ ನಿಜವಾದ ಪ್ರೀತಿ ಹುಟ್ಟಿತ್ತು. ದಿನಾ ಬೆಳಿಗ್ಗೆ ಅದನ್ನು ಮುಟ್ಟದೆ ಕಾಫಿ ಕುಡಿಯುತ್ತಿರಲಿಲ್ಲ. ದಿಂಬಿನಕ್ಕನೂ “ಊಟ ಆಯ್ತಾ ಡಾಕ್ಟ್ರೇ?” ಎಂದು ಕೇಳತೊಡಗಿದಳು. ಅವಳ ಸೂಜಿಗೆ ಈಗ ಡಾಕ್ಟರೇ ದಾರ ಪೋಣಿಸಿಕೊಡುತ್ತಿದ್ದರು. ಕ್ಷಮಿಸಿದ್ದಾಳೆ ಎಂದುಕೊಂಡರು. ತಂಗಿಯ ಮಾತನ್ನು ಮಾತ್ರ ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮಾಡಿದ್ದಕ್ಕೆ ದುಡಿದು ತೀರಿಸಿದೆ ಎಂಬ ಸಮಾಧಾನ ಅವರನ್ನು ಚೆನ್ನಾಗಿ ನಿದ್ದೆ ಮಾಡಿಸಿತು.

ಮರ ಮತ್ತೆ ಹೊಂಬಾಳೆ ಬಿಟ್ಟಿತು. ಹೆಂಡತಿ, “ಮದುವೆ ದಿನಾನೂ ನೀವು ಇಷ್ಟು ಚೆನ್ನಾಗಿ ಕಾಣ್ತಿರ್ಲಿಲ್ಲ ರೀ,” ಎಂದು ಕೀಟಲೆ ಮಾಡಿದಳು. ಮರುದಿನ ಬೆಳಿಗ್ಗೆ ಡಾಕ್ಟರು ಎಂದಿನಂತೆ ಬಕೆಟ್ಟು ಹಿಡಿದು ಇಳಿದರು.

ಅಂಗಳದಲ್ಲಿ ಜನ. ಹಗ್ಗದ ಸುರುಳಿ. ಪೆಟ್ರೋಲಿನ ವಾಸನೆ. ಒಬ್ಬ ಗರಗಸದ ಸರಪಳಿಗೆ ಎಣ್ಣೆ ಬಿಡುತ್ತಿದ್ದ.

ಬಕೆಟ್ಟು ಕೈಯಿಂದ ಜಾರಿತು. “ಅಕ್ಕಾ... ಯಾರಿವರು?”

“ಮರ ಕಡಿಯೋರು,” ಎಂದಳು ದಿಂಬಿನಕ್ಕ. ಮೆಟ್ಟಿಲ ಮೇಲೆ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಬೊಡ್ಡೆಯ ಗೋಣಿಯ ಹೊಲಿಗೆ ಹಾಗೇ ಇತ್ತು.

“ಬೇಡ! ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನ ಬದುಕಿಸಿದ್ದು ನಾನು! ಉಳಿಸ್ಕೊಳ್ಳಿ ಅಂದೋರು ನೀವೇ ಅಲ್ವಾ? ಸಾಯಿಸೋದಿದ್ರೆ ಅವತ್ತೇ ಬಿಡ್ಬಹುದಿತ್ತು, ತಾನಾಗೇ ಸಾಯ್ತಿತ್ತು!”

“ಸಾಯ್ತಿರೋನನ್ನ ಸಾಯಿಸಿ ನಂಗೇನು ಬರ್ಬೇಕಿತ್ತು ಡಾಕ್ಟ್ರೇ?” ಅವಳ ದನಿ ಏರಲಿಲ್ಲ. “ನನ್ನ ತಂಗಿ ಅವತ್ತು ಬೆಳಿಗ್ಗೆ ಗಟ್ಟಿಮುಟ್ಟಾಗಿದ್ಲು. ನಾಳೆಗೆ ಏನು ಸಾರು ಮಾಡೋಣ ಅಂತ ಕೇಳ್ತಿದ್ಲು. ನೀವೂ ಹಾಗೇ ಇರ್ಬೇಕಿತ್ತು. ಈಗ ಇದೀರಿ.”

ಒಬ್ಬ ಹಗ್ಗ ಕಟ್ಟಿಕೊಂಡು ಹತ್ತತೊಡಗಿದ. ಅವನ ಪಾದದ ಒತ್ತು ಡಾಕ್ಟರ ತೊಡೆಗೆ ತಾಗಿತು. ಸೊಂಟಕ್ಕೆ. ಬೆನ್ನಿಗೆ. ಅವರು ಓಡಲು ನೋಡಿದರು. ಕಾಲು ಏಳಲಿಲ್ಲ. ಕೂಗಲು ನೋಡಿದರು. ದವಡೆ ಹೊಲಿದಂತೆ ಬಿಗಿದುಕೊಂಡಿತ್ತು. ಕೊರಳ ಸುತ್ತ ಹಗ್ಗ ಬಿಗಿಯಿತು. ನೆತ್ತಿಯ ಕೂದಲನ್ನು ಯಾರೋ ಮುಷ್ಟಿ ಕಟ್ಟಿ ಹಿಡಿದರು. ಕೆಳಗೆ ಗರಗಸ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಹೊತ್ತಿಕೊಂಡಿತು.

“ಅಮ್ಮಾ, ಸುತ್ತ ಮನೆ ಇದಾವೆ,” ಎಂದು ಗರಗಸದವನು ಸದ್ದಿನ ನಡುವೆ ಕೂಗಿ ಕೇಳಿದ. “ಹಗ್ಗ ಎಳೆದು ಒಂದೇ ಸಲ ಬುಡದಿಂದ ಉರುಳಿಸ್ಲಾ? ಇಲ್ಲಾ ಮೇಲಿಂದ ಒಂದೊಂದೇ ತುಂಡು ಮಾಡ್ಕೊಂಡು ಬರ್ಲಾ? ಅದಾದ್ರೆ ಸಂಜೆವರೆಗೂ ಹಿಡಿಯುತ್ತೆ.”

ದಿಂಬಿನಕ್ಕ ಹತ್ತಿ ತುಂಬುವುದನ್ನು ನಿಲ್ಲಿಸಿ ಡಾಕ್ಟರ ಮುಖ ನೋಡಿದಳು.

“ಮೇಲಿಂದಾನೇ ಬನ್ನಿ ಅಣ್ಣಾ,” ಎಂದಳು. “ಅವಸರ ಏನಿಲ್ಲ.”