ಬೆನ್ನ ಹಿಂದಿನ ಗಂಟೆ

ಸ್ಮೋಕಿ ಬೆಟ್ಟದಲ್ಲಿ ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಸುಳಿವು ಹಿಡಿದು ಹುಡುಕಿ, ಅಲ್ಲಿ ಒಬ್ಬರ ಪುಸ್ತಕದಲ್ಲೊಬ್ಬರು ತಮ್ಮ ತಮ್ಮ ಮುದ್ರೆ ಒತ್ತುವುದು ನನ್ನ ಮತ್ತು ಗೆಳತಿ ಕೊರಿನ್‌ಳ ಭಾನುವಾರದ ಆಟವಾಗಿತ್ತು.

"ಮುಂದೆ ನಡಿಯೇ ಪುಕ್ಕಲಿ. ಕರಡಿ ದೂರ ಹೋಗ್ಲಿ ಅಂತ ನಾನು ಹಿಂದೆ ಗಂಟೆ ಅಲ್ಲಾಡಿಸ್ತಾ ಬರ್ತೀನಿ. ಕರಡಿಗೆ ಮೊದ್ಲು ನಾನೇ ಊಟ," ಎಂದು ಆ ಭಾನುವಾರ ಕೊರಿನ್ ನಕ್ಕಳು.

ಡಬ್ಬಿ ಸಿಗುವವರೆಗೂ ಗಂಟೆಯ ಸದ್ದು ಹತ್ತು ಹೆಜ್ಜೆ ಹಿಂದೆಯೇ ಇತ್ತು. ರೂಢಿಯಂತೆ, ತಿರುಗದೆಯೇ ನನ್ನ ಪುಸ್ತಕವನ್ನು ಹಿಂದಕ್ಕೆ ಚಾಚಿದೆ. ಮುದ್ರೆ ಬಿತ್ತು. ಮರಳಿ ಬಂದ ಪುಸ್ತಕ ಮಂಜಿನಂತೆ ತಣ್ಣಗಿತ್ತು. ತಿರುಗಿದರೆ ಯಾರೂ ಇರಲಿಲ್ಲ.

ಓಡಿ ಕೆಳಗಿಳಿದೆ. ಕೊರಿನ್ ಕಾರಿನಲ್ಲಿ ಕೂತು ಸೇಬು ತಿನ್ನುತ್ತಿದ್ದಳು.

"ಮೊದಲ್ನೇ ತಿರುವಲ್ಲೇ ಕರಡಿ ಹೆಜ್ಜೆ ನೋಡ್ದೆ ಕಣೇ. ವಾಪಸ್ ಬಂದ್ಬಿಟ್ಟೆ."

"ನನ್ನ ಕೂಗ್ಬಾರ್ದಿತ್ತಾ?"

"ಬಾಯೇ ಬರ್ಲಿಲ್ಲ. ಕೋಪಾನಾ?"

ಗಂಟೆ, ಮುದ್ರೆ ಎರಡೂ ಅವಳ ಮಡಿಲಲ್ಲಿದ್ದವು.

ಅಂದಿನಿಂದ ನಾವು ಮಾತು ಬಿಟ್ಟು ಎರಡು ವರ್ಷವಾಯಿತು. ನನ್ನ ಪುಸ್ತಕದಲ್ಲಿ ಆ ದಿನದ ಪುಟದಲ್ಲಿರುವುದು ಅವಳದೇ ಡೇಲಿಯಾ ಹೂವಿನ ಮುದ್ರೆ. ಮುಟ್ಟಿದರೆ ಈಗಲೂ ಬೆರಳಿಗೆ ಶಾಯಿ ಹತ್ತುತ್ತದೆ.